ಚಿನ್ನದ ವಾಚು ಬಿಟ್ಟು ಕಟ್ಟೆಯ ನೆರಳಿಗೆ: ಆಪಲ್ ಅಂಗಡಿಯಿಂದ ನಮ್ಮ ಊರಿನ ಮೊಬೈಲ್ ಅಂಗಡಿಗೆ ಬರಬೇಕಾದ್ದು

ಮಂಗಳೂರಿನಲ್ಲಿ ಚಿನ್ನ ಅಂದರೆ 916, ಅಂದರೆ 22 ಕ್ಯಾರೆಟ್. ಮದುವೆಗೆ ಒಡವೆ ಮಾಡಿಸುವ ಯಾವ ಮನೆಯ ಹಿರಿಯರನ್ನು ಕೇಳಿದರೂ ಇವತ್ತು ಗ್ರಾಮಿಗೆ ಎಷ್ಟು, ಮೇಕಿಂಗ್ ಚಾರ್ಜ್ ಎಷ್ಟು, ಕಲ್ಲಿನ ತೂಕ ಕಳೆದಿದ್ದಾರಾ, ನಾಳೆ ತಿರುಗಿ ಕೊಟ್ಟರೆ ಕೈಗೆ ಎಷ್ಟು ಬಂದೀತು ಎಂಬ ಲೆಕ್ಕ ನಾಲಗೆಯ ತುದಿಯಲ್ಲೇ ಇರುತ್ತದೆ. 2015ರಲ್ಲಿ ಆಪಲ್ ಕಂಪನಿ ಚಿನ್ನದ ವಾಚು ಮಾರಲು ಹೊರಟು ಎಲ್ಲಿ ಎಡವಿತು ಎಂಬುದು ಇದೇ ಲೆಕ್ಕದಲ್ಲಿ ಸಲೀಸಾಗಿ ಸಿಗುತ್ತದೆ.

ಆ ವಾಚಿನ ಹೆಸರು ಆಪಲ್ ವಾಚ್ ಎಡಿಷನ್. ಕೇಸು 18 ಕ್ಯಾರೆಟ್ ಚಿನ್ನ, ಅಂದರೆ ನೂರಕ್ಕೆ 75 ಪಾಲು; ನಮ್ಮ ಹಾಲ್‌ಮಾರ್ಕ್ ಲೆಕ್ಕದಲ್ಲಿ 750. ಬೆಲೆ 10 ಸಾವಿರ ಡಾಲರ್‌ನಿಂದ 17 ಸಾವಿರ ಡಾಲರ್‌ವರೆಗೆ. ಅದೇ ದಿನ ಮಾರಾಟಕ್ಕೆ ಬಂದ ಅಲ್ಯೂಮಿನಿಯಂ ಕೇಸಿನ ಸ್ಪೋರ್ಟ್ ವಾಚಿಗೆ 349 ಡಾಲರ್. ಎರಡರ ಹೊಟ್ಟೆಯಲ್ಲೂ ಇದ್ದದ್ದು ಒಂದೇ ಎಸ್1 ಚಿಪ್ಪು, ಒಂದೇ ಸಾಫ್ಟ್‌ವೇರ್. ಒಡವೆಯ ಆಯಸ್ಸು ತಲೆಮಾರುಗಳದ್ದು, ಚಿಪ್ಪಿನ ಆಯಸ್ಸು ಹೆಚ್ಚೆಂದರೆ ನಾಲ್ಕೈದು ವರ್ಷದ್ದು. ಆ ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಬೆಸೆದರೆ ಕೊನೆಗೆ ಕಡಿಮೆ ಆಯಸ್ಸಿನದ್ದೇ ಬೆಲೆ ನಿರ್ಧರಿಸುತ್ತದೆ. ಆದದ್ದೂ ಹಾಗೆಯೇ. 2016ರ ಸೆಪ್ಟೆಂಬರ್‌ನಲ್ಲಿ ಎರಡನೇ ಸೀರೀಸ್ ಬಂದಾಗ ಚಿನ್ನದ ಕೇಸು ಹೋಗಿ 1,249 ಡಾಲರಿನ ಸೆರಾಮಿಕ್ ಕೇಸು ಬಂತು. 2018ರಲ್ಲಿ ವಾಚಿನ ಹೊಸ ಸಾಫ್ಟ್‌ವೇರ್ ವಾಚ್ಓಎಸ್ 5 ಬಂದಾಗ ಮೊದಲ ತಲೆಮಾರಿನ ಯಾವ ವಾಚಿಗೂ ಅದು ಸಿಗಲಿಲ್ಲ, 17 ಸಾವಿರ ಕೊಟ್ಟವರಿಗೂ ಇಲ್ಲ. 2023ರಲ್ಲಿ ಕಂಪನಿ ಆ ಚಿನ್ನದ ವಾಚನ್ನು ಬಳಕೆ ಮೀರಿದ ಸರಕಿನ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಬಿಡಿಭಾಗವೂ ಇಲ್ಲ, ರಿಪೇರಿಯೂ ಇಲ್ಲ. ಉಳಿದದ್ದು ಕೇಸಿನ ಚಿನ್ನದ ತೂಕ, ಅದೂ ಮುಕ್ಕಾಲು ಪಾಲು.

ಒಂದು ತಂತ್ರಜ್ಞಾನ ಕಂಪನಿಗೆ ಇಂಥ ಆಸೆ ಸುಮ್ಮನೆ ಹುಟ್ಟಿದ್ದಲ್ಲ. 2013ರಲ್ಲಿ ಈವ್ ಸಾಂ ಲೊರಾಂ ಫ್ಯಾಷನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಪಾಲ್ ಡೆನೆವ್ ಆಪಲ್ ಸೇರಿದರು. ಅದೇ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ದುಬಾರಿ ಬಟ್ಟೆ ಬ್ರ್ಯಾಂಡ್ ಬರ್ಬೆರಿಯ ಸಿಇಒ ಆಂಜೆಲಾ ಅಹ್ರೆಂಟ್ಸ್ ಬರುತ್ತಾರೆಂದು ಘೋಷಣೆಯಾಯಿತು. 2014ರ ಮೇ ತಿಂಗಳಲ್ಲಿ ಅಂಗಡಿಗಳ ಪೂರ್ತಿ ಹೊಣೆ ಅವರ ಕೈಗೆ ಬಂತು. ಟ್ಯಾಗ್ ಹ್ಯೂಯರ್ ವಾಚ್ ಕಂಪನಿಯಿಂದ ಪ್ಯಾಟ್ರಿಕ್ ಪ್ರುನಿಯೋ ಬಂದರು, ವಿನ್ಯಾಸಕಾರ ಮಾರ್ಕ್ ನ್ಯೂಸನ್ ಬಂದರು. ಅಹ್ರೆಂಟ್ಸ್ ಹಿಂದೆ ಮಾಡಿದ ಕೆಲಸ ನೋಡಿದರೆ ಅವರನ್ನೇ ಯಾಕೆ ಕರೆದರು ಎನ್ನುವುದು ತಿಳಿಯುತ್ತದೆ. 2012ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಬರ್ಬೆರಿ ತೆರೆದ ಅಂಗಡಿಯಲ್ಲಿ ಕೋಟು ಹಿಡಿದು ಕನ್ನಡಿಯ ಮುಂದೆ ನಿಂತರೆ, ಕೋಟಿನೊಳಗಿನ ಚಿಪ್ಪನ್ನು ಗುರುತಿಸಿ ಕನ್ನಡಿಯೇ ಪರದೆಯಾಗಿ ಅದರ ವಿಡಿಯೊ ತೋರಿಸುತ್ತಿತ್ತು. ಬಟ್ಟೆ ಅಂಗಡಿಗೆ ತಂತ್ರಜ್ಞಾನ ತಂದವರನ್ನು, ತಂತ್ರಜ್ಞಾನದ ಅಂಗಡಿಗೆ ಬಟ್ಟೆ ಅಂಗಡಿಯ ಮರ್ಯಾದೆ ತರಲಿ ಎಂದು ಕರೆದರು.

ವಾಚು ಬಿಡುಗಡೆಯ ವೇಳೆ ಆದ ತಪ್ಪುಗಳನ್ನು ಮೊಬೈಲ್ ಅಂಗಡಿ ಇಟ್ಟವರೆಲ್ಲ ಒಮ್ಮೆ ಸಾವಧಾನವಾಗಿ ನೋಡಬೇಕು. 2001ರ ಮೇ 19ರಂದು ವರ್ಜೀನಿಯಾದ ಟೈಸನ್ಸ್ ಕಾರ್ನರ್ ಮತ್ತು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಮೊದಲ ಎರಡು ಆಪಲ್ ಅಂಗಡಿಗಳು ತೆರೆದಾಗಿನಿಂದ ಅಲ್ಲಿನ ನಿಯಮ ಒಂದೇ: ಎಲ್ಲವೂ ಮೇಜಿನ ಮೇಲೆ, ಎಲ್ಲವೂ ಚಾಲೂ, ಎಲ್ಲವನ್ನೂ ಮುಟ್ಟಬಹುದು. ವಾಚು ಬಂದಾಗ ಆ ನಿಯಮ ಮುರಿಯಿತು. ವಾಚುಗಳು ಗಾಜಿನ ಹೊದಿಕೆಯ ಮೇಜಿನೊಳಗೆ ಹೋದವು, ನಮ್ಮ ಚಿನ್ನದ ಅಂಗಡಿಯ ಶೋಕೇಸಿನ ಹಾಗೆ. ಹಾಕಿ ನೋಡಬೇಕಾದರೆ ಸಮಯ ಗೊತ್ತುಮಾಡಿಕೊಂಡು ಬರಬೇಕು. ಕೈಗೆ ಕಟ್ಟಿದ ವಾಚಿನಲ್ಲಿ ಓಡುತ್ತಿದ್ದುದು ಬರೀ ಡೆಮೊ ವಿಡಿಯೊ. ಮುಟ್ಟಿದರೆ ಏನೂ ಆಗದು. ಕೊಳ್ಳಬೇಕೆಂದರೆ ಅಂಗಡಿಯಲ್ಲಿ ಸಿಗದು, ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಗೊತ್ತಿಲ್ಲದ ಹೊಸ ಜಾತಿಯ ಸಾಮಾನನ್ನು ಮಾರುವಾಗ ಅದನ್ನು ಕೈಗೆ ಕಟ್ಟಿಕೊಂಡು ಬಳಸಿ ತಿಳಿಯುವ ದಾರಿಯನ್ನೇ ಮುಚ್ಚಿದ್ದು ದೊಡ್ಡ ತಪ್ಪು. ಪ್ಯಾರಿಸ್ಸಿನ ಗ್ಯಾಲರೀಸ್ ಲಫಯೆಟ್, ಲಂಡನ್ನಿನ ಸೆಲ್ಫ್ರಿಜಸ್, ಟೋಕಿಯೊದ ಇಸೆತಾನ್ ಮಳಿಗೆಗಳೊಳಗೆ ತೆರೆದಿದ್ದ ವಾಚಿನ ಪುಟ್ಟ ಅಂಗಡಿಗಳೂ 2018ರ ಹೊತ್ತಿಗೆ ಬಾಗಿಲು ಹಾಕಿದವು. ವಾಚು ಉಳಿದುಕೊಂಡಿತು. 50 ಮೀಟರ್ ನೀರು ತಡೆಯುವ ಶಕ್ತಿ, ಜಿಪಿಎಸ್, ಹೃದಯ ಬಡಿತದ ಲೆಕ್ಕ ಇವುಗಳ ಬಲದ ಮೇಲೆ ಉಳಿಯಿತು. ಲಕ್ಷುರಿಯಲ್ಲಿ ಉಳಿದ ಪಾಲುದಾರಿಕೆ ಫ್ರಾನ್ಸಿನ ಚರ್ಮದ ಸಾಮಾನಿನ ಬ್ರ್ಯಾಂಡ್ ಎರ್ಮೆಸ್ ಜೊತೆಗಿನದ್ದು, ಅದು 2015ರಿಂದ ನಡೆಯುತ್ತಿದೆ. ಅದು ಉಳಿಯಲು ಕಾರಣವೂ ಸರಳ: ದುಬಾರಿಯ ಭಾಗ ಪಟ್ಟಿ, ವಾಚು ಬದಲಾದರೂ ಪಟ್ಟಿ ಬದಲಾಗಬೇಕಿಲ್ಲ.

ಇನ್ನು ಅಂಗಡಿ. ನನಗೆ ಮುಖ್ಯವೆನಿಸುವ ಭಾಗ ಇದು.

2016ರ ಮೇ 21ರಂದು ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರ್‌ನಲ್ಲಿ ಹೊಸ ಮಾದರಿಯ ಅಂಗಡಿ ತೆರೆಯಿತು. ಲಂಡನ್ನಿನ ವಾಸ್ತುಶಿಲ್ಪ ಸಂಸ್ಥೆ ಫಾಸ್ಟರ್ ಅಂಡ್ ಪಾರ್ಟ್‌ನರ್ಸ್‌ನ ವಿನ್ಯಾಸ, 42 ಅಡಿ ಎತ್ತರದ ಜಾರುಬಾಗಿಲು, ಒಳಗೆ ದೊಡ್ಡ ವಿಡಿಯೊ ಗೋಡೆ. ಅಲ್ಲಿಂದ ಮುಂದೆ ಹೆಸರಿನಲ್ಲಿ 'ಸ್ಟೋರ್' ಎಂಬ ಪದ ಬಿಟ್ಟರು; ಬರೀ 'ಆಪಲ್ ಯೂನಿಯನ್ ಸ್ಕ್ವೇರ್'. ಬದಿಯ ಗೋಡೆಗಳ ಸಾಲಿಗೆ 'ಅವೆನ್ಯೂ', ಸಭೆಯ ಜಾಗಕ್ಕೆ 'ಫೋರಂ' ಎಂಬ ಹೆಸರು. ಹಳೆಯ ಜೀನಿಯಸ್ ಬಾರ್, ಅಂದರೆ ರಿಪೇರಿಯ ಕೌಂಟರ್, ತೆಗೆದುಹಾಕಿ ಅದರ ಜಾಗದಲ್ಲಿ ಮರಗಳನ್ನು ನೆಟ್ಟರು. ಕುಂಡದ ಸುತ್ತ ಕೂರಲು ಆಸನ, ಪಕ್ಕದಲ್ಲಿ ಮೇಜು. ಇದು 'ಜೀನಿಯಸ್ ಗ್ರೋವ್'.

ಆ ಮರಗಳು ಫೈಕಸ್ ಕುಲದವು. ನಮ್ಮ ಅಶ್ವತ್ಥ, ಆಲ, ಅತ್ತಿ ಮೂರೂ ಇದೇ ಕುಲ. ಮರ, ಅದರ ಸುತ್ತ ಕೂರುವಷ್ಟು ಎತ್ತರದ ಕಲ್ಲಿನ ಜಗಲಿ, ಅಲ್ಲಿ ಕೂತವರಿಗೆ ಏನನ್ನೂ ಕೊಳ್ಳಬೇಕೆಂಬ ಒತ್ತಾಯವಿಲ್ಲ. ಉಡುಪಿ ತಾಲೂಕಿನ ಯಾವ ಊರಿಗೆ ಹೋದರೂ ಅಂಥದ್ದೊಂದು ಕಟ್ಟೆ ಉಂಟು. ಆ ವಾಸ್ತುಶಿಲ್ಪಿಗಳಿಗೆ ನಮ್ಮ ಕಟ್ಟೆ ಗೊತ್ತಿತ್ತು ಎಂದು ಹೇಳುತ್ತಿಲ್ಲ. ಜನ ನಿರಾಳವಾಗಿ ಕಾಯಬೇಕಾದರೆ ಬೆನ್ನ ಹಿಂದೆ ಒಂದು ಆಸರೆ, ತಲೆ ಮೇಲೆ ಹಸಿರು, ಕೂರಲು ಸುಮಾರು ಹದಿನೆಂಟು ಇಂಚು ಎತ್ತರದ ಜಾಗ ಇಷ್ಟು ಸಾಕು ಎಂಬುದು ಎರಡೂ ಕಡೆ ಅನುಭವದಿಂದ ಬಂದ ಮಾತು.

ಆದರೆ ಕೌಂಟರ್ ತೆಗೆದದ್ದರಿಂದ ಒಂದು ತೊಂದರೆಯಾಯಿತು. ಕೌಂಟರ್ ಇದ್ದಾಗ ಕೆಟ್ಟ ಫೋನ್ ಹಿಡಿದು ಬಂದವರಿಗೆ ಎಲ್ಲಿಗೆ ಹೋಗಬೇಕೆಂದು ಬಾಗಿಲಿನಿಂದಲೇ ಕಾಣುತ್ತಿತ್ತು. ಮರಗಳ ನಡುವೆ ಸಾಲು ಎಲ್ಲಿ ಶುರು, ಯಾರಿಗೆ ಹೇಳಬೇಕು, ತನ್ನ ಸರದಿ ದಾಟಿಹೋಯಿತೇ ಎಂಬುದು ತಿಳಿಯದು. ಐಪ್ಯಾಡ್ ಹಿಡಿದ ನೌಕರನನ್ನು ಹುಡುಕಿಕೊಂಡು ತಿರುಗಬೇಕು. 2017ರ ಕೊನೆಗೆ ಹಳೆ ಬ್ಯಾಟರಿಯ ಫೋನುಗಳನ್ನು ಸಾಫ್ಟ್‌ವೇರ್ ನಿಧಾನ ಮಾಡುತ್ತದೆ ಎಂಬುದು ಹೊರಬಿದ್ದು, ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿದಾಗ 2018ರ ಉದ್ದಕ್ಕೂ ಜನ ಮುಗಿಬಿದ್ದರು. 2019ರ ಜನವರಿ 2ರಂದು ಕಂಪನಿಯ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ ತ್ರೈಮಾಸಿಕದ ಆದಾಯದ ಅಂದಾಜನ್ನು 84 ಶತಕೋಟಿ ಡಾಲರಿಗೆ ಇಳಿಸಿ, ಕಾರಣಗಳ ಸಾಲಿನಲ್ಲಿ ಈ ಅಗ್ಗದ ಬ್ಯಾಟರಿಯನ್ನೂ ಹೆಸರಿಸಿದರು. ಅದೇ ಏಪ್ರಿಲ್‌ನಲ್ಲಿ ಅಹ್ರೆಂಟ್ಸ್ ಹೊರನಡೆದರು, ಅವರ ಜಾಗಕ್ಕೆ ಡಿಯರ್ಡ್ರೆ ಒಬ್ರಯನ್ ಬಂದರು. ಈಗ ಭಾರತದ ಅಂಗಡಿಗಳಲ್ಲಿ ಮತ್ತೆ ಜೀನಿಯಸ್ ಬಾರ್ ಎಂಬ ಹೆಸರೇ ಇದೆ. ರಿಪೇರಿಗೆ ಬಂದವನಿಗೆ ಮರಕ್ಕಿಂತ ಮೊದಲು ಬೇಕಾದ್ದು ಎಲ್ಲಿ ನಿಲ್ಲಬೇಕೆಂಬ ಗುರುತು.

ಅಹ್ರೆಂಟ್ಸ್ ಹೇಳುತ್ತಿದ್ದ ಇನ್ನೊಂದು ಮಾತು 'ಟೌನ್ ಸ್ಕ್ವೇರ್', ಅಂಗಡಿಯೇ ಊರಿನ ಚೌಕ ಎಂಬುದು. ಆದರೆ ಸ್ಟಾಕ್‌ಹೋಮ್‌ನ ಕುಂಗ್ಸ್‌ಟ್ರೆಡ್‌ಗಾರ್ಡನ್ ಉದ್ಯಾನದಲ್ಲಿ ಅಂಗಡಿ ಕಟ್ಟುವ ಯೋಜನೆ 2018ರಲ್ಲಿ ಬಿದ್ದುಹೋಯಿತು. ಮೆಲ್ಬರ್ನ್‌ನ ಫೆಡರೇಷನ್ ಸ್ಕ್ವೇರ್‌ನ ಯೋಜನೆ 2019ರಲ್ಲಿ ನಿಂತುಹೋಯಿತು. ಎರಡು ಕಡೆಯೂ ಊರಿನವರು ಹೇಳಿದ್ದು ಚೌಕ ಈಗಾಗಲೇ ನಮ್ಮಲ್ಲಿ ಇದೆ ಎಂದು. ಉಡುಪಿಯ ರಥಬೀದಿಯಲ್ಲಿ ಅಂಗಡಿ ಇಟ್ಟವರಿಗೆ ಇದು ವಿವರಿಸಬೇಕಾಗಿಯೇ ಇಲ್ಲ. ರಥ ಎಳೆಯುವ ದಿನ ಅಂಗಡಿ ಬೀದಿಗೆ ಜಾಗ ಬಿಟ್ಟುಕೊಡುತ್ತದೆ, ಬೀದಿ ಅಂಗಡಿಗೆ ಬಿಟ್ಟುಕೊಡುವುದಿಲ್ಲ.

ನಮ್ಮ ದೇಶಕ್ಕೆ ಈ ಅಂಗಡಿಗಳು ಬರಲು ತಡವಾದದ್ದು ಕಾನೂನಿನಿಂದ. ಒಂದೇ ಬ್ರ್ಯಾಂಡಿನ ಚಿಲ್ಲರೆ ಮಾರಾಟಕ್ಕೆ ಪೂರ್ತಿ ವಿದೇಶಿ ಬಂಡವಾಳ ಬರಬೇಕಾದರೆ ಸರಕಿನ 30 ಶೇಕಡ ಇಲ್ಲಿಂದಲೇ ಖರೀದಿಸಬೇಕೆಂಬ ಷರತ್ತಿತ್ತು. 2019ರ ಆಗಸ್ಟ್‌ನಲ್ಲಿ ಅದು ಸಡಿಲವಾಯಿತು. 2020ರ ಸೆಪ್ಟೆಂಬರ್ 23ಕ್ಕೆ ಆನ್‌ಲೈನ್ ಅಂಗಡಿ, 2023ರ ಏಪ್ರಿಲ್ 18ಕ್ಕೆ ಮುಂಬೈ ಬಿಕೆಸಿ, 20ಕ್ಕೆ ದೆಹಲಿಯ ಸಾಕೇತ್, 2025ರ ಸೆಪ್ಟೆಂಬರ್ 2ಕ್ಕೆ ಬೆಂಗಳೂರಿನ ಹೆಬ್ಬಾಳ. ಬಿಕೆಸಿಯ ಮರದ ಚಾವಣಿ ಒಂದು ಸಾವಿರ ಹಲಗೆಗಳದ್ದು, ಒಂದೊಂದು ಹಲಗೆಯಲ್ಲಿ 408 ಮರದ ತುಂಡು. ನೋಡಲು ನಿಜಕ್ಕೂ ಚೆಂದ. ಆದರೆ ಮಂಗಳೂರಿನವರು ಒಂದು ಬ್ಯಾಟರಿಗೋಸ್ಕರ ಶಿರಾಡಿ ಘಾಟಿ ಹತ್ತಿ ಹೆಬ್ಬಾಳಕ್ಕೆ ಹೋಗುವುದಿಲ್ಲ. ಹಂಪನಕಟ್ಟೆ, ಬಲ್ಮಠ, ಕಂಕನಾಡಿ, ಮಣಿಪಾಲದ ಟೈಗರ್ ಸರ್ಕಲ್ ಸುತ್ತಮುತ್ತಲಿನ ಅಂಗಡಿಗಳೇ ಅವರ ಆಪಲ್, ಅವರ ಸ್ಯಾಮ್‌ಸಂಗ್, ಅವರ ಎಲ್ಲವೂ. ಹಾಗಾಗಿ 400 ಚದರಡಿಯ ಅಂಗಡಿಗೆ ಇದರಲ್ಲಿ ಏನು ಒಗ್ಗುತ್ತದೆ ಎಂಬ ಪ್ರಶ್ನೆ.

ಮೊದಲಿಗೆ ಮೇಜು. ಶೋಕೇಸಿನ ಹಿಂದೆ ನಿಂತು ಫೋನ್ ಎತ್ತಿಕೊಡುವ ಕ್ರಮ ಬಿಟ್ಟು ನಡುವೆ ಒಂದು ಮೇಜು ಹಾಕಿ. ಎತ್ತರ 36 ಇಂಚು, ಅಗಲ 36 ಇಂಚು, ಉದ್ದ 8 ಅಡಿ. ಎರಡು ಬದಿಗೆ ನಾಲ್ಕು ನಾಲ್ಕರಂತೆ ಎಂಟು ಫೋನ್ ಇಡಬಹುದು. ಎರಡು ಫೋನುಗಳ ನಡುವೆ ಎರಡಡಿ ಅಂತರ ಸಿಗುತ್ತದೆ. ಮೇಜಿನ ಸುತ್ತ ನಾಲ್ಕಡಿ ದಾರಿ ಬಿಡಿ, ಮೂರಡಿ ಬಿಟ್ಟರೆ ಒಬ್ಬರು ನೋಡುತ್ತಿರುವಾಗ ಇನ್ನೊಬ್ಬರು ಹಿಂದಿನಿಂದ ದಾಟಲಾಗದೆ ಇಬ್ಬರೂ ಹೊರಗೆ ಹೋಗುತ್ತಾರೆ. ಮರದ ವಿಷಯದಲ್ಲಿ ಕರಾವಳಿಯ ಗಾಳಿಯನ್ನು ಮರೆಯಬಾರದು. ಎಂಡಿಎಫ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆಗೆ ಲ್ಯಾಮಿನೇಟ್ ಅಂಟಿಸಿದ ಮೇಜು ಮೊದಲ ಮಳೆಗಾಲದಲ್ಲೇ ಅಂಚಿನಲ್ಲಿ ಉಬ್ಬುತ್ತದೆ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತಗೊಳ್ಳಿ, ಇಲ್ಲವೇ ಹಲಸಿನ ಮರದ ಹಲಗೆಯಲ್ಲೇ ಮಾಡಿಸಿ. ಹಲಸು ಹೊಸತರಲ್ಲಿ ಹಳದಿಯಾಗಿದ್ದು ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಇಲ್ಲಿನ ಮನೆಗಳ ಬಾಗಿಲು ನೋಡಿ ಬೆಳೆದವರಿಗೆ ಅದು ಒಗ್ಗುತ್ತದೆ. ಆಚಾರಿಗಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಪಾಲಿಶ್ ಮೇಲೆ ಮಾತ್ರ ಹೊಡೆದು ಅಡಿಭಾಗ ಹಾಗೇ ಬಿಡಬೇಡಿ. ಮೇಲ್ಭಾಗ ಪಸೆ ಕುಡಿಯದೆ ಅಡಿಭಾಗ ಕುಡಿದರೆ ಹಲಗೆ ದೋಣಿಯ ಹಾಗೆ ಬಾಗುತ್ತದೆ. ವಯರ್ ಇಳಿಸಲು ಕೊರೆದ ತೂತುಗಳ ಒಳಮೈಗೂ ಪಾಲಿಶ್ ಬೇಕು. ಮೇಜಿನಡಿಯ ಕಬ್ಬಿಣದ ಬ್ರ್ಯಾಕೆಟ್ ಬದಲು 304 ಸ್ಟೇನ್‌ಲೆಸ್ ಸ್ಟೀಲ್. ಮಲ್ಪೆ, ಪಣಂಬೂರಿನಂತೆ ಕಡಲಿಗೆ ತೀರಾ ಹತ್ತಿರದಲ್ಲಾದರೆ 304ರ ಮೇಲೂ ಕಂದು ಚುಕ್ಕೆ ಬರುತ್ತದೆ, ಅಲ್ಲಿ 316 ಹಾಕಿಸಿ.

ಮೇಜಿನ ಮೇಲೆ ಇಡುವ ಫೋನ್ ಚಾಲೂ ಇರಬೇಕು. ಪ್ಲಾಸ್ಟಿಕ್ ಡಮ್ಮಿ ಇಟ್ಟರೆ 2015ರ ಡೆಮೊ ವಾಚಿನ ಕಥೆಯೇ. ಇಂಟರ್ನೆಟ್ ಇರಲಿ, ಗ್ಯಾಲರಿಯಲ್ಲಿ ಇಲ್ಲಿನದೇ ಮೂವತ್ತು ನಲವತ್ತು ಫೋಟೊ ಇರಲಿ, ಕನ್ನಡ ಕೀಬೋರ್ಡ್ ಸೇರಿಸಿರಲಿ. ಅಲಾರಂ ಬಳ್ಳಿ ಕನಿಷ್ಠ 70 ಸೆಂಟಿಮೀಟರ್ ಉದ್ದ ಇರಲಿ. ಅದಕ್ಕಿಂತ ಗಿಡ್ಡವಾದರೆ ಫೋನನ್ನು ಕಿವಿಗೆ ಹಿಡಿಯಲಾಗದು, ಸೆಲ್ಫಿ ತೆಗೆಯಲಾಗದು. ಡೆಮೊ ಫೋನ್ ಹಾಳಾಗುವುದು ಜನ ಮುಟ್ಟಿ ಅಲ್ಲ, ಹಗಲೂ ರಾತ್ರಿ ಚಾರ್ಜರ್‌ನಲ್ಲೇ ಇಟ್ಟು. ನೂರು ಶೇಕಡದಲ್ಲೇ ನಿಂತ ಬ್ಯಾಟರಿ ಬಿಸಿಗೆ ಉಬ್ಬಿ, ವರ್ಷದೊಳಗೆ ಪರದೆ ಅಂಚಿನಿಂದ ಏಳುತ್ತದೆ. ಐಫೋನ್ 15 ಮತ್ತು ನಂತರದವುಗಳಲ್ಲಿ ಚಾರ್ಜಿಂಗ್ 80 ಶೇಕಡಕ್ಕೆ ನಿಲ್ಲಿಸುವ ಆಯ್ಕೆ ಉಂಟು, ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಉಂಟು. ಇಲ್ಲದ ಸೆಟ್ಟಿಗೆ ಪ್ಲಗ್ ಪಾಯಿಂಟಿನಲ್ಲಿ ಟೈಮರ್ ಹಾಕಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಒಂಬತ್ತರವರೆಗೆ ಕರೆಂಟ್ ಕಡಿಯಿರಿ. ಒಎಲ್‌ಇಡಿ ಪರದೆಯಲ್ಲಿ ಒಂದೇ ಜಾಹೀರಾತನ್ನು ಪೂರ್ತಿ ಬೆಳಕಿನಲ್ಲಿ ಓಡಿಸಿದರೆ ಅಕ್ಷರದ ನೆರಳು ಅಚ್ಚಾಗಿಬಿಡುತ್ತದೆ, ಆ ಸೆಟ್ಟನ್ನು ಆಮೇಲೆ ಕಡಿಮೆಗೆ ಮಾರುವುದೂ ಕಷ್ಟ. ಚಾರ್ಜಿಂಗ್ ಪಿನ್ನುಗಳನ್ನು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಿ. ಉಪ್ಪುಗಾಳಿಗೆ ತಾಮ್ರ ಹಸಿರಾಗಿದ್ದರೆ ಕೇಬಲ್ ಬದಲಿಸಿ, ಉಜ್ಜಿ ಬಳಸಬೇಡಿ. ಉಜ್ಜಿದಾಗ ಮೇಲಿನ ಲೇಪ ಹೋಗಿ ಮುಂದಿನ ವಾರವೇ ಮತ್ತೆ ಹಸಿರಾಗುತ್ತದೆ.

ಬೆಳಕಿನಲ್ಲಿ ನಮ್ಮವರು ಚಿನ್ನದ ಅಂಗಡಿಯನ್ನು ನಕಲು ಮಾಡುತ್ತಾರೆ, ಅದು ತಪ್ಪು. ಒಡವೆ ಮಿನುಗಬೇಕು, ಅದಕ್ಕೆ ಚೂಪಾದ ಸ್ಪಾಟ್‌ಲೈಟ್ ಸರಿ. ಫೋನಿನ ಪರದೆ ಕನ್ನಡಿ. ಮೇಲಿನ ಒಂದೊಂದು ಸ್ಪಾಟ್‌ಲೈಟೂ ಅದರಲ್ಲಿ ಬಿಳಿ ಚುಕ್ಕೆಯಾಗಿ ಕಣ್ಣಿಗೆ ಹೊಡೆಯುತ್ತದೆ. ಯೂನಿಯನ್ ಸ್ಕ್ವೇರ್‌ನಂಥ ಅಂಗಡಿಗಳಲ್ಲಿ ಚಾವಣಿಯೇ ದೊಡ್ಡ ಬೆಳಕಿನ ಹಾಳೆಯಂತಿರುವುದು ಇದಕ್ಕೆ. ಇಲ್ಲಿ ಎರಡಡಿ ಚೌಕದ ಎಲ್‌ಇಡಿ ಪ್ಯಾನಲ್, ಹಾಲುಬಣ್ಣದ ಹೊದಿಕೆಯದ್ದು, ಬೆಳಕಿನ ಬಣ್ಣ 4000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಳತೆ) 90ಕ್ಕೆ ಕಡಿಮೆ ಇಲ್ಲದ್ದು ಸಾಕು. ಮೇಜಿನ ಮೇಲೆ 500ರಿಂದ 700 ಲಕ್ಸ್ ಬೆಳಕು ಬಂದರೆ ಸರಿ. ಸಿಆರ್‌ಐ ಕಡಿಮೆಯಾದರೆ ಫೋನಿನ ನೀಲಿ ಬಣ್ಣ ಒಳಗೊಂದು, ಬೀದಿಗೆ ಬಂದರೆ ಇನ್ನೊಂದು. ಸಂಜೆ ಬದಲಿಸಲು ವಾಪಸ್ ಬರುತ್ತಾರೆ.

ಮುಂಬಾಗಿಲಿನ ಗಾಜು ದೊಡ್ಡದಿದ್ದರೆ ಅಂಗಡಿ ತೆರೆದ ಹಾಗೆ ಕಾಣುತ್ತದೆ, ನಿಜ. 12 ಮಿಲಿಮೀಟರ್ ಟಫನ್ಡ್ ಗಾಜು ಹಾಕಿ ಒಳಗೆ ಎಸಿ 18ಕ್ಕೆ ಇಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಿಚಿತ್ರ ಆಗುತ್ತದೆ: ಗಾಜಿನ ಹೊರಮೈ ಬೆವರಿ ಬೀದಿಯಿಂದ ನೋಡಿದವರಿಗೆ ಒಳಗೆ ಏನೂ ಕಾಣುವುದಿಲ್ಲ. ಹೊರಗೆ 27 ಡಿಗ್ರಿ, ತೇವಾಂಶ 90 ಶೇಕಡ ಇದ್ದಾಗ 25 ಡಿಗ್ರಿಗಿಂತ ತಣ್ಣಗಿನ ಯಾವ ಮೈಮೇಲೂ ಹನಿ ಕಟ್ಟುತ್ತದೆ. ಮಳೆಗಾಲದಲ್ಲಿ ಎಸಿ 25ಕ್ಕೆ ಇಡಿ, ಡ್ರೈ ಮೋಡ್ ಹಾಕಿ, ಎಸಿಯ ಗಾಳಿ ನೇರ ಗಾಜಿಗೆ ಬೀಳದಂತೆ ರೆಕ್ಕೆ ತಿರುಗಿಸಿ. ಚರ್ಮದ ಕೇಸು, ಪಟ್ಟಿಗಳನ್ನು ಗಾಜಿನ ಪಕ್ಕದ ಕೊಕ್ಕೆಗೆ ಹಾಕಬೇಡಿ. ಮಳೆಗಾಲದ ಆಟಿ ತಿಂಗಳು ಮುಗಿಯುವ ಮುಂಚೆ ಬೂಷ್ಟು ಹಿಡಿದು ಬಿಳಿ ಕೂತಿರುತ್ತದೆ. ಆಪಲ್ 2023ರಲ್ಲಿ ಚರ್ಮ ಬಿಟ್ಟು ಫೈನ್‌ವೋವನ್ ಎಂಬ ಬಟ್ಟೆಗೆ ಹೋಯಿತು. ಅದರ ಮೇಲೆ ಗೀರು, ಕೊಳೆ ನಿಲ್ಲುತ್ತದೆಂಬ ದೂರು ಬಂದು ಮರುವರ್ಷವೇ ಆ ಫೋನ್ ಕೇಸು ನಿಂತುಹೋಯಿತು. ನಮ್ಮ ಹವೆಗೆ ಸಿಲಿಕೋನ್ ಒಳ್ಳೆಯದು.

ಫೋನ್ ಕೈಗೆ ಕೊಡುವ ಗಳಿಗೆಯನ್ನು ಲಕ್ಷುರಿಯವರು ಚೆನ್ನಾಗಿ ಅರಿತಿದ್ದಾರೆ. ಐಫೋನಿನ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಕೆಳಭಾಗ ಒಮ್ಮೆಲೇ ಬೀಳುವುದಿಲ್ಲ. ಎರಡರ ನಡುವಿನ ಸಂದು ಅಷ್ಟು ಬಿಗಿ. ಒಳಕ್ಕೆ ಗಾಳಿ ನುಸುಳಿದಷ್ಟೇ ವೇಗದಲ್ಲಿ ಪೆಟ್ಟಿಗೆ ಜಾರುತ್ತದೆ, ಒಂದೆರಡು ಸೆಕೆಂಡು. ಐಫೋನ್ 13ರಿಂದ ಪ್ಲಾಸ್ಟಿಕ್ ಹೊದಿಕೆ ಹೋಗಿ ಹಿಂಬದಿಯಲ್ಲಿ ಎಳೆಯುವ ಕಾಗದದ ಪಟ್ಟಿ ಬಂದಿದೆ. ಇಲ್ಲಿ ಬಹಳ ಕಡೆ ಹುಡುಗರು ಆ ಪಟ್ಟಿಯನ್ನು ಬೀಗದ ಕೈಯಿಂದ ಹರಿದು, ಪೆಟ್ಟಿಗೆ ಕೊಡವಿ, ಫೋನ್ ಹೊರತೆಗೆದು ಸಿಮ್ ಹಾಕಿಬಿಡುತ್ತಾರೆ. ಲಕ್ಷ ರೂಪಾಯಿ ಹತ್ತಿರದ ಸಾಮಾನು ಕೊಂಡವರಿಗೆ ಪೆಟ್ಟಿಗೆ ತೆರೆಯುವ ಆ ಒಂದೆರಡು ಸೆಕೆಂಡು ಸಿಗಬೇಡವೇ? ಪೆಟ್ಟಿಗೆಯ ಮೇಲಿನ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬಿಲ್ಲಿಗೆ ಹೊಂದುತ್ತದೆಯೇ ಎಂದು ಅವರಿಗೇ ತೋರಿಸಿ, ಪಟ್ಟಿ ಅವರೇ ಎಳೆಯಲಿ, ಜೊತೆಗೆ ಮಗಳೋ ಅಮ್ಮನೋ ಬಂದಿದ್ದರೆ ಅವರು ಎಳೆಯಲಿ. ಇದಕ್ಕೆ ಅಂಗಡಿಗೆ ಒಂದು ಪೈಸೆ ಖರ್ಚಿಲ್ಲ. ಹಳೆ ಫೋನಿನಿಂದ ಹೊಸದಕ್ಕೆ ಎಲ್ಲ ಸಾಗಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಳೆ ಫೋನಿನಲ್ಲಿ ಸಾಕಷ್ಟು ಚಾರ್ಜ್ ಇಲ್ಲದೆ ಶುರುಮಾಡಿದರೆ ಮಧ್ಯದಲ್ಲಿ ನಿಲ್ಲಬಹುದು. ವಾಟ್ಸ್‌ಆಪ್ ಬ್ಯಾಕಪ್ ಮೊದಲೇ ತೆಗೆಯಬೇಕು, ಬ್ಯಾಂಕಿನ ಆಪ್‌ಗಳನ್ನು ಅವರೇ ಮನೆಯಲ್ಲಿ ಹಾಕಿಕೊಳ್ಳಲಿ. ದೀಪಾವಳಿಯ ನೂಕುನುಗ್ಗಲಿನಲ್ಲಿ ಇದನ್ನು ಮಾಡಲಾಗದು, ಆ ವಾರ ಚೀಟಿಯಲ್ಲಿ ಬೇರೆ ದಿನದ ಸಮಯ ಬರೆದುಕೊಡಿ.

ಇನ್ನು ರಿಪೇರಿ. ಬಾಗಿಲಿನಿಂದ ಕಾಣುವ ಒಂದೇ ಜಾಗ, ಟೋಕನ್, ಮತ್ತು ಕೂರಲು ಬೆಂಚು. ಗಿಡ ಬೇಕಾದರೆ ಆಮೇಲೆ. ಜಾಬ್ ಶೀಟಿನಲ್ಲಿ ಐಎಂಇಐ, ಮುಟ್ಟುವ ಮೊದಲೇ ಇದ್ದ ಗೀರುಗಳ ಫೋಟೊ, ಅಂದಾಜು ಮೊತ್ತ, ಹೇಳಿದ ಗಂಟೆ. ಪಾಸ್‌ಕೋಡ್ ಮಾತ್ರ ಬರೆಯಲೇಬಾರದು. ಐಓಎಸ್ 17.5ರಿಂದ 'ರಿಪೇರ್ ಸ್ಟೇಟ್' ಎಂಬ ವ್ಯವಸ್ಥೆ ಇದೆ, ಕಳೆದ ಫೋನ್ ಹುಡುಕಿಕೊಡುವ 'ಫೈಂಡ್ ಮೈ' ಆರಿಸದೆಯೇ ಫೋನನ್ನು ರಿಪೇರಿಗೆ ಸಿದ್ಧ ಮಾಡಬಹುದು. ಐಓಎಸ್ 15.2ರಿಂದ ಸೆಟ್ಟಿಂಗ್ಸ್, ಜನರಲ್, ಅಬೌಟ್‌ನೊಳಗೆ ಯಾವ ಭಾಗ ಬದಲಾಗಿದೆ, ಅದು ಅಸಲಿಯೇ ಎಂಬುದು ಬರುತ್ತದೆ. ಹಾಗಾಗಿ ಕಾಪಿ ಡಿಸ್‌ಪ್ಲೇ ಹಾಕಿ ಒರಿಜಿನಲ್ ಎಂದು ಹೇಳಿದರೆ ಗಿರಾಕಿ ಮನೆ ಮುಟ್ಟುವ ಮೊದಲೇ ಗೊತ್ತಾಗುತ್ತದೆ. ಅಸಲಿ, ಬೇರೆ ಫೋನಿನಿಂದ ಬಿಚ್ಚಿದ್ದು, ಕಾಪಿ ಈ ಮೂರರ ದರವನ್ನೂ ಗೋಡೆಯ ಮೇಲೆ ಬರೆದುಹಾಕಿ. 'ಅಣ್ಣ, ಲಾಸ್ಟ್ ಎಷ್ಟಕ್ಕೆ ಕೊಡ್ತೀರಿ' ಎಂಬ ಮಾತು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ.

2017ರ ಮೇ ತಿಂಗಳಲ್ಲಿ ಆಪಲ್ ತನ್ನ 495 ಅಂಗಡಿಗಳಲ್ಲೂ 'ಟುಡೇ ಅಟ್ ಆಪಲ್' ಎಂಬ ಉಚಿತ ಪಾಠಗಳನ್ನು ಶುರುಮಾಡಿತು. ಅಹ್ರೆಂಟ್ಸ್ ಬಿಟ್ಟುಹೋದದ್ದರಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು ಇದು, ಅವರು ಹೋದ ಮೇಲೂ ನಡೆಯುತ್ತಿದೆ. ಇಲ್ಲಿ ಇದಕ್ಕೆ ವಿಡಿಯೊ ಗೋಡೆ ಬೇಕಿಲ್ಲ. ಬುಧವಾರ ಸಂಜೆ ನಾಲ್ಕು ಗಂಟೆ, ಗಿರಾಕಿ ಕಡಿಮೆ ಇರುವ ಹೊತ್ತು, ಅದೇ ಮೇಜಿನ ಸುತ್ತ ಆರು ಸ್ಟೂಲ್, ಮುಕ್ಕಾಲು ಗಂಟೆ. ಆರಕ್ಕಿಂತ ಹೆಚ್ಚು ಜನರಾದರೆ ಕೊನೆಯವರ ಪರದೆ ಹೇಳಿಕೊಡುವವರಿಗೆ ಕಾಣದು. ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಕೇಳಿದರೆ ಅದರಲ್ಲೇ ಉತ್ತರ. ಪಾಠದ ನಡುವೆ ಯಾರೂ ಕೇಸು, ಗ್ಲಾಸು ಮಾರಬಾರದು. ಒಮ್ಮೆ ಮಾರಿದರೆ ಮುಂದಿನ ಬುಧವಾರ ಸ್ಟೂಲ್ ಖಾಲಿ.

ನವೆಂಬರ್‌ನಲ್ಲಿ ಮೇಳಗಳು ತಿರುಗಾಟಕ್ಕೆ ಹೊರಡುವ ಮುಂಚೆ ಯಕ್ಷಗಾನದ ಫೋಟೊ, ವಿಡಿಯೊ ಪಾಠ ಇಡಿ, ಜನ ಬಂದೇ ಬರುತ್ತಾರೆ. ರಂಗಸ್ಥಳದ ಹಿಂದೆ ಕತ್ತಲೆ, ಮುಂದೆ ಕಿರೀಟ ಎದೆಪದಕಗಳ ಮಿನುಗು. ಫೋನ್ ಕತ್ತಲೆಯನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ವೇಷದ ಮುಖ ಬೆಳ್ಳಗೆ ಸುಣ್ಣವಾಗುತ್ತದೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಎಇ ಎಎಫ್ ಲಾಕ್ ಎಂದು ಬರುತ್ತದೆ, ಅಂದರೆ ಬೆಳಕು, ಫೋಕಸ್ ಎರಡೂ ಅಲ್ಲಿಗೇ ಕಟ್ಟಿಬಿದ್ದವು. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯುತ್ತಾ ಹೋಗಿ, ಮುಖವರ್ಣಿಕೆಯ ಗೆರೆಗಳು ಕಾಣುವವರೆಗೆ. ವಿಡಿಯೊದಲ್ಲಿ ಅಡ್ಡ ಪಟ್ಟಿ ಓಡುವುದು ಎಲ್‌ಇಡಿ ದೀಪಗಳಿಂದ. ನಮ್ಮ ಕರೆಂಟ್ 50 ಹರ್ಟ್ಜ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ವಿಡಿಯೊ ಒಳಗೆ 'ಶೋ ಪಾಲ್ ಫಾರ್ಮ್ಯಾಟ್ಸ್' ಹಾಕಿ 25 ಫ್ರೇಮ್ ಆರಿಸಿ. ಪ್ರೊ ಮೋಡ್ ಇರುವ ಆಂಡ್ರಾಯ್ಡ್‌ನಲ್ಲಿ ಶಟರ್ 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಇಡಿ. ಚೆಂಡೆಯ ಸದ್ದು ಒಡೆಯದಿರಬೇಕಾದರೆ ಧ್ವನಿಪೆಟ್ಟಿಗೆಯ ಎದುರು ಕೂರಬೇಡಿ.

ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಪಾಠ, ನೆನೆದ ಫೋನಿನದ್ದು. ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹೂಳಬೇಡಿ. ಅಕ್ಕಿಯ ಹೊಟ್ಟು, ಪುಡಿ ಚಾರ್ಜಿಂಗ್ ತೂತಿಗೆ ಸೇರಿ ನೀರಿಗಿಂತ ಹೆಚ್ಚು ಕಾಟ ಕೊಡುತ್ತದೆ. ತೂತು ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಯಲ್ಲಿ ಒಣ ಜಾಗದಲ್ಲಿಡಿ. ಕನಿಷ್ಠ ಅರ್ಧ ಗಂಟೆ ಬಿಟ್ಟು ಚಾರ್ಜರ್ ಹಾಕಿ ನೋಡಿ. ನೀರಿದೆ ಎಂಬ ಎಚ್ಚರಿಕೆ ಮತ್ತೆ ಬಂದರೆ ತೆಗೆದಿಡಿ. ಪೂರ್ತಿ ಒಣಗಲು ಒಂದು ಹಗಲು ಒಂದು ರಾತ್ರಿ ಹಿಡಿಯಬಹುದು. ಹತ್ತಿಕಡ್ಡಿ ತುರುಕಬಾರದು, ಹೇರ್ ಡ್ರೈಯರ್ ಹಿಡಿಯಬಾರದು. ಉಪ್ಪುನೀರಿಗೆ ಬಿದ್ದದ್ದಾದರೆ ಕಾಯಬೇಡಿ, ಆರಿಸಿ ಅದೇ ದಿನ ಬಿಚ್ಚಿಸಿ.